ತೋಟದೊಳಗಿನ ದಲ್ಲಾಳಿ ಯಾರ ಮನೆಯವನು?

ಅಡಿಕೆ ಬೆಳೆಗಾರರಾದ ನಮಗೆ ದಲ್ಲಾಳಿ ಎಂಬ ಶಬ್ದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ನಿಂತು, ಇಬ್ಬರ ಮಾತನ್ನೂ ಬಲ್ಲವನಾಗಿ, ಇಬ್ಬರಿಗೂ ಬೇಕಾದವನಾಗಿ, ಕೊನೆಗೆ ಇಬ್ಬರಿಗಿಂತಲೂ ಬಲಶಾಲಿಯಾಗುವವನೇ ದಲ್ಲಾಳಿ. ಒಳ್ಳೆಯವನು ಸಿಕ್ಕಿದರೆ ಕೆಲಸ ಸುಸೂತ್ರ. ಕೆಟ್ಟವನು ಸಿಕ್ಕಿದರೆ ವರ್ಷದ ಶ್ರಮವೆಲ್ಲ ಅವನ ಪಾಲು. ಇಷ್ಟು ಕಾಲ ಅವನು ಪೇಟೆಯಲ್ಲಿದ್ದ. ಈಗ ಅಂಥವನೇ ಒಬ್ಬನು ನಮ್ಮ ತೋಟದೊಳಗೂ ಬಂದು ಕುಳಿತಿದ್ದಾನೆ. ಅವನಿಗೆ ಕೈಕಾಲಿಲ್ಲ, ಮುಖವಿಲ್ಲ. ಅವನು ಗಣಕಯಂತ್ರದೊಳಗಿನ ಒಂದು ಲೆಕ್ಕಾಚಾರ ಮಾತ್ರ. ಆದರೂ ಪಂಪು ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಎಂಬುದು ಅವನ ಕೈಯಲ್ಲಿ. ಅವನ ವಿಷಯವಾಗಿ ನಮ್ಮ ಕೃಷಿಕ ಬಂಧುಗಳಲ್ಲಿ ಒಂದೆರಡು ಮಾತು ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಾನು ವೃತ್ತಿಯಿಂದ ಅಧ್ಯಾಪಕ, ಹುಟ್ಟಿನಿಂದ ಕೃಷಿಕ. ವಿದ್ಯಾನಗರವೆಂದರೆ ಹೊರಗಿನವರಿಗೆ ಜಿಲ್ಲಾ ಕಚೇರಿಗಳೂ ಸರಕಾರಿ ಕಾಲೇಜೂ ಇರುವ ಸ್ಥಳ. ಅಲ್ಲಿಂದ ತುಸು ಒಳಗೆ ನಡೆದರೆ ಮುರಕಲ್ಲಿನ ಗುಡ್ಡೆ, ಗುಡ್ಡೆಯ ಬುಡದಲ್ಲಿ ಅಡಿಕೆ, ತೆಂಗು. ನಮ್ಮದೂ ಅಂಥದೇ ಒಂದು ಸಣ್ಣ ತೋಟ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯ ವರೆಗೆ ನಾನು ಶಾಲೆಯಲ್ಲಿ; ಮನೆಯಲ್ಲಿ ವಯಸ್ಸಾದ ಅಮ್ಮ. ನೀರು ಬಿಡುವ ಆಳು ಸಿಕ್ಕಿದ ದಿನ ಸಿಕ್ಕಿದ, ಇಲ್ಲದ ದಿನ ಇಲ್ಲ. ಹೀಗಿರುವಾಗ ಯಂತ್ರದ ಮೊರೆಹೊಕ್ಕದ್ದು ಆಡಂಬರಕ್ಕಲ್ಲ, ಗತ್ಯಂತರವಿಲ್ಲದೆ.

ಒಬ್ಬ ವ್ಯಾಪಾರಿಯಿಂದ ಎರಡು ಮಾಪಕಗಳನ್ನು ತಂದೆ. ಒಂದು ಮಣ್ಣಿನ ತೇವವನ್ನು ಹೇಳುವಂಥದು, ಇನ್ನೊಂದು ಬಾವಿಯ ನೀರಿನ ಮಟ್ಟವನ್ನು ಹೇಳುವಂಥದು. ಮರುವರ್ಷ ಇನ್ನೊಬ್ಬರಿಂದ, ಮೊಬೈಲಿನಲ್ಲೇ ಪಂಪು ಚಾಲೂ ಮಾಡಿ ನಿಲ್ಲಿಸುವ ಪೆಟ್ಟಿಗೆಯನ್ನು ತಂದು ಸ್ಟಾರ್ಟರಿಗೆ ಜೋಡಿಸಿದೆ. ಮೂರೂ ಒಳ್ಳೆಯ ವಸ್ತುಗಳೇ. ಮೂರಕ್ಕೂ ಹಣ ಕೊಟ್ಟಿದ್ದೆ. ಆದರೆ ಒಂದಕ್ಕೆ ಇನ್ನೊಂದರ ಪರಿಚಯವಿರಲಿಲ್ಲ! ಮಾಪಕಗಳಿಗೆ ಒಂದು ಆ್ಯಪ್, ಪಂಪಿಗೆ ಬೇರೊಂದು ಆ್ಯಪ್. ವಿರಾಮದ ವೇಳೆಯಲ್ಲಿ ಒಂದನ್ನು ತೆರೆದು ನೋಡಿ ಇನ್ನೊಂದನ್ನು ಒತ್ತುವ ನಡುವಣ ಮನುಷ್ಯ ನಾನಾಗಿದ್ದೆ. ನಾನು ತರಗತಿಯಲ್ಲಿದ್ದರೆ ನಡುವೆ ಯಾರೂ ಇಲ್ಲ.

ಕಳೆದ ಬೇಸಗೆಯ ಒಂದು ಮಧ್ಯಾಹ್ನ ಬಾವಿ ಬತ್ತಿತು. ಮಾಪಕ ತನ್ನ ಕರ್ತವ್ಯವನ್ನು ಮಾಡಿತು. ಬಾವಿಯಲ್ಲಿ ನೀರಿಲ್ಲವೆಂದು ಸಂದೇಶ ಕಳುಹಿಸಿತು. ನನ್ನ ಫೋನು ಪಾಠದ ಹೊತ್ತಿನಲ್ಲಿ ಬಂದ್. ಮನೆಯ ಫೋನಿಗೂ ಸಂದೇಶ ಹೋಯಿತು, ಆದರೆ ಇಂಗ್ಲಿಷಿನಲ್ಲಿ. ಪಂಪಿನ ಪೆಟ್ಟಿಗೆಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಅದು ನಂಬಿಗಸ್ತ ಆಳಿನಂತೆ ನೀರಿಲ್ಲದ ಬಾವಿಯಲ್ಲಿ ಪಂಪನ್ನು ತಿರುಗಿಸುತ್ತಲೇ ಇತ್ತು. ಸಂಜೆ ಬಂದು ನೋಡುವಾಗ ಮೋಟಾರಿನ ಸುರುಳಿ ಸುಟ್ಟು ಕರಿಯಾಗಿತ್ತು.

ಅಮ್ಮ ಹೇಳಿದರು: "ಮೂರು ಸಲ ಕಿಣಿಕಿಣಿ ಅಂತ ಹೊಡ್ಕೊಂಡಿತು ಮಗಾ. ಎಂತದೋ ಇಂಗ್ಲಿಷಿನಲ್ಲಿ ಬರೆದಿತ್ತು. ಯಾರದೋ ಜಾಹೀರಾತು ಅಂತ ಬಿಟ್ಟೆ."

ಅಮ್ಮನದು ತಪ್ಪೆಂದು ಹೇಳಲು ನನ್ನ ಬಾಯಿ ಬರಲಿಲ್ಲ. ಅವರು ಕನ್ನಡವನ್ನು ನಿರರ್ಗಳವಾಗಿ ಓದಬಲ್ಲವರು. ಈ ಪತ್ರಿಕೆಯನ್ನು ನನಗಿಂತ ಮೊದಲು ಓದಿ ಮುಗಿಸುವವರು. ಮೋಟಾರಿಗೆ ಹೊಸ ಸುರುಳಿ ಸುತ್ತಿಸಿ ತರುವಷ್ಟರಲ್ಲಿ ಆರು ದಿನ ಕಳೆಯಿತು. ಏಪ್ರಿಲ್ ತಿಂಗಳ ಆರು ದಿನವೆಂದರೆ ಏನೆಂಬುದನ್ನು ತೋಟವಿದ್ದವರು ಬಲ್ಲರು. ನಳ್ಳಿ ಉದುರಿ ಬುಡವೆಲ್ಲ ಹಾಸಿತ್ತು. ಸುಟ್ಟದ್ದು ಮೋಟಾರು, ಆದರೆ ಕೊರತೆಯಿದ್ದದ್ದು ಮೋಟಾರಿನಲ್ಲಲ್ಲ, ಮಾಪಕದಲ್ಲಲ್ಲ, ನಡುವಿನಲ್ಲಿ.

ನಡುವಣದವನ ಕೆಲಸ

ಈ ನಡುವಣ ವ್ಯವಸ್ಥೆಗೆ ತಂತ್ರಜ್ಞರು ಮಿಡ್ಲ್‌ವೇರ್ ಎನ್ನುತ್ತಾರೆ. ನಾವು ನಡುವಣ ತಂತ್ರಾಂಶ ಎನ್ನೋಣ. ಒಂದು ಕಡೆ ಮಾಪಕ, ಪಂಪು, ಮಳೆ ಅಳೆಯುವ ಪಾತ್ರೆ ಮೊದಲಾದ ವಸ್ತುಗಳು. ಇನ್ನೊಂದು ಕಡೆ ಫೋನಿನ ಆ್ಯಪ್, ಲೆಕ್ಕದ ಪುಸ್ತಕ, ಹವಾಮಾನದ ಸೂಚನೆ. ಇವುಗಳ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ತಲುಪಿಸುವುದೇ ಅದರ ಕೆಲಸ. ಒಂದು ಮಾಪಕ ತೇವವನ್ನು ನೂರಕ್ಕೆ ಇಷ್ಟೆಂದು ಹೇಳುತ್ತದೆ, ಇನ್ನೊಂದು ಬರೇ ವಿದ್ಯುತ್ತಿನ ಅಂಕೆಯನ್ನು ಕೊಡುತ್ತದೆ. ಎರಡನ್ನೂ ಒಂದೇ ಅಳತೆಗೆ ತಂದು, ಬೇಕಾದವರಿಗೆ ಮುಟ್ಟಿಸಿ, ಹಳೆಯ ಲೆಕ್ಕವನ್ನು ಕಾಪಿಟ್ಟು, ಬೇಡದವರನ್ನು ಬಾಗಿಲಲ್ಲೇ ತಡೆಯಬೇಕು.

ಗಡಿನಾಡಿನ ಕನ್ನಡಿಗರಿಗೆ ಇದರ ಬೆಲೆಯನ್ನು ವಿವರಿಸಬೇಕೇ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಪ್ರತಿಯೊಂದು ಮನೆಯೂ ದುಭಾಷಿಯ ಬೆಲೆಯನ್ನು ಅರಿತಿದೆ. ಕಚೇರಿಯಿಂದ ಬಂದ ಮಲೆಯಾಳದ ಕಾಗದವನ್ನು ಹಿಡಿದು, ಓದಿ ಹೇಳಬಲ್ಲವರ ಜಗಲಿಯಲ್ಲಿ ಕಾದು ಕುಳಿತವರು ನಮ್ಮ ಅಜ್ಜಂದಿರು. ಓದಿ ಹೇಳುವವನು ಸಜ್ಜನನಾದರೆ ಕೆಲಸವಾಯಿತು. ಅರ್ಧ ಹೇಳಿ ಅರ್ಧ ನುಂಗಿದರೆ ಜಾಗದ ದಾಖಲೆಯೇ ಎಡವಟ್ಟಾಯಿತು. ನಡುವಣದವನು ಸೇವಕನೂ ಆಗಬಲ್ಲ, ಯಜಮಾನನೂ ಆಗಬಲ್ಲ ಎಂಬುದನ್ನು ನಾವು ಪುಸ್ತಕದಿಂದ ಕಲಿತವರಲ್ಲ.

"ನಮ್ಮ ಹಿರಿಯರು ಇದ್ಯಾವುದೂ ಇಲ್ಲದೆ ತೋಟ ಮಾಡಲಿಲ್ಲವೇ ಮಾಷ್ಟ್ರೇ?" ಎಂದು ನೆರೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ಮಾಡಿದರು, ನಿಜ. ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದು, ವಿದ್ಯುತ್ತೂ ಇಲ್ಲದೆ ಪಂಪೂ ಇಲ್ಲದೆ ನೀರನ್ನು ತಾನಾಗಿ ಹರಿಸಿದ ಜನ ಅವರು. ಆದರೆ ಆಗಲೂ ನಡುವಣದವನಿದ್ದ. ಕಣಿಯಲ್ಲಿ ನೀರು ತೋಟದ ಕೊನೆಯನ್ನು ಮುಟ್ಟಿದೊಡನೆ ಅಲ್ಲಿದ್ದವನು "ಕೂ" ಎಂದು ಕೂಗುತ್ತಿದ್ದ. ಮೇಲೆ ನಿಂತವನು ಅದನ್ನು ಕೇಳಿ ಕಣಿಯನ್ನು ತಿರುಗಿಸುತ್ತಿದ್ದ. ಆ ಕೂಗೇ ಅಂದಿನ ನಡುವಣ ತಂತ್ರ. ಈಗ ತೋಟದ ಕೊನೆಯಲ್ಲಿ ಕೂಗುವವನಿಲ್ಲ. ಅವನ ಮಗ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾನೆ. ಆ ಕೂಗಿನ ಸ್ಥಾನದಲ್ಲಿ ಏನನ್ನು ತರಬೇಕೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಪತ್ರಿಕೆಯ ಚಂದಾದಾರರಂತೆ

ಯಂತ್ರಗಳು ಪರಸ್ಪರ ಮಾತಾಡಲು ಹಲವು ಭಾಷೆಗಳಿವೆ. ಅವುಗಳಲ್ಲಿ ಬಹಳ ಪ್ರಚಾರದಲ್ಲಿರುವುದು ಎಂ.ಕ್ಯೂ.ಟಿ.ಟಿ. ಎಂಬುದು. 1999ರಲ್ಲಿ ಆರ್ಲೆನ್ ನಿಪ್ಪರ್ ಮತ್ತು ಐ.ಬಿ.ಎಂ. ಕಂಪೆನಿಯ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಎಂಬ ಇಬ್ಬರು ಅದನ್ನು ರೂಪಿಸಿದರು. ದೂರದ ತೈಲದ ಕೊಳವೆಸಾಲುಗಳ ಸ್ಥಿತಿಗತಿಯನ್ನು ಉಪಗ್ರಹದ ಮೂಲಕ ತಿಳಿಯುವುದು ಅವರ ಉದ್ದೇಶವಾಗಿತ್ತು. ಉಪಗ್ರಹದ ಬಾಡಿಗೆ ದುಬಾರಿ, ಸಂಪರ್ಕ ಆಗಾಗ ಕಡಿಯುವಂಥದು. ಆದುದರಿಂದ ಮಾತು ಚುಟುಕಾಗಿರಬೇಕಿತ್ತು. ಅಡಿಕೆ ಮರಗಳ ಕೆಳಗೆ ಫೋನಿನ ರೇಂಜು ಕಣ್ಣಾಮುಚ್ಚಾಲೆ ಆಡುವ ನಮ್ಮ ಕಣಿವೆಗಳಿಗೂ ಅದೇ ಗುಣ ಬೇಕಾದದ್ದು. 2014ರಲ್ಲಿ ಓಯಸಿಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಸಾರ್ವಜನಿಕ ಮಾನಕವನ್ನಾಗಿ ಪ್ರಕಟಿಸಿತು. ಆ ಭಾಷೆ ಇಂದು ಯಾವ ಒಬ್ಬ ಕಂಪೆನಿಯ ಸೊತ್ತೂ ಅಲ್ಲ.

ಇದರ ಕ್ರಮವನ್ನು ಈ ಪತ್ರಿಕೆಯ ವಾಚಕರಿಗೆ ತಿಳಿಸುವುದು ಬಹು ಸುಲಭ. ಲೇಖಕನು ಬರೆದುದನ್ನು ಒಬ್ಬೊಬ್ಬ ವಾಚಕನ ಮನೆಗೂ ಹೊತ್ತುಕೊಂಡು ಹೋಗುವುದಿಲ್ಲ. ಪತ್ರಿಕಾ ಕಾರ್ಯಾಲಯಕ್ಕೆ ಕಳುಹಿಸುತ್ತಾನೆ. ಕಾರ್ಯಾಲಯವು ಚಂದಾದಾರರಿಗೆಲ್ಲ ತಲುಪಿಸುತ್ತದೆ. ಹಾಗೆಯೇ ಮಾಪಕವು "ತೋಟ, ಕೆಳಗಿನ ಬಾವಿ, ನೀರಿನ ಮಟ್ಟ" ಎಂಬ ತಲೆಬರೆಹದಡಿ ತನ್ನ ಅಂಕೆಯನ್ನು ನಡುವಣದವನಿಗೆ ಒಪ್ಪಿಸುತ್ತದೆ. ಆ ತಲೆಬರೆಹಕ್ಕೆ ಚಂದಾದಾರರಾದ ಪಂಪಿನ ಪೆಟ್ಟಿಗೆ, ನನ್ನ ಫೋನು, ಅಮ್ಮನ ಫೋನು ಎಲ್ಲಕ್ಕೂ ಅದು ತಲುಪುತ್ತದೆ. ನಾಳೆ ಇನ್ನೊಂದು ಪಂಪು ಬಂದರೆ ಅದೂ ಚಂದಾದಾರನಾದರೆ ಸಾಕು, ಮಾಪಕವನ್ನು ಮುಟ್ಟಬೇಕಾಗಿಲ್ಲ. ಈ ನಡುವಣದವನಿಗೆ ಆ ಶಾಸ್ತ್ರದಲ್ಲಿರುವ ಹೆಸರೇ ಬ್ರೋಕರ್, ಅಂದರೆ ನಮ್ಮ ದಲ್ಲಾಳಿ!

ಅಂಚೆಯಲ್ಲಿ ಸಾದಾ ಕಾಗದ, ರಿಜಿಸ್ಟರ್ಡ್ ಕಾಗದ ಎಂಬ ಭೇದವಿರುವಂತೆ ಇಲ್ಲಿಯೂ ಮೂರು ದರ್ಜೆಗಳಿವೆ. ತಲುಪಿದರೆ ತಲುಪಲಿ ಎಂಬುದೊಂದು. ಒಂದು ಸಲವಾದರೂ ತಲುಪಲೇಬೇಕೆಂಬುದು ಇನ್ನೊಂದು. ಒಂದೇ ಸಲ ತಲುಪಬೇಕು, ಎರಡು ಸಲವಾಗಬಾರದೆಂಬುದು ಮೂರನೆಯದು. ದಿನದ ತೇವದ ಅಂಕೆಗೆ ಮೊದಲನೆಯದು ಸಾಕು. "ಪಂಪು ನಿಲ್ಲಿಸು" ಎಂಬ ಆಜ್ಞೆಗೆ ರಿಜಿಸ್ಟರ್ಡ್ ಅಂಚೆಯೇ ಬೇಕು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಇದರಲ್ಲಿ ಉಯಿಲು ಬರೆದಿಡುವ ಏರ್ಪಾಡೂ ಇದೆ. ಮಾಪಕವು ಮೊದಲೇ ದಲ್ಲಾಳಿಯಲ್ಲಿ "ನನ್ನ ಉಸಿರು ಹಠಾತ್ತಾಗಿ ನಿಂತರೆ ಇಂಥವರಿಗೆ ತಿಳಿಸು" ಎಂದು ಬರೆದಿಡುತ್ತದೆ. ಮೇ ತಿಂಗಳ ಸಿಡಿಲಿಗೆ ಮಾಪಕ ಸತ್ತಿತೆನ್ನೋಣ. ಉಯಿಲು ಇಲ್ಲದಿದ್ದರೆ ನಾವು ಹಳೆಯ ಅಂಕೆಯನ್ನೇ ನೋಡಿ ಬಾವಿಯಲ್ಲಿ ನೀರಿದೆಯೆಂದು ಭ್ರಮಿಸುತ್ತೇವೆ. ಉಯಿಲಿದ್ದರೆ ಸತ್ತ ಸುದ್ದಿ ಸ್ವಲ್ಪ ಹೊತ್ತಿನೊಳಗೆ ಬರುತ್ತದೆ.

ದಲ್ಲಾಳಿ ದೂರದ ಊರಿನವನಾದರೆ

ಇಷ್ಟೆಲ್ಲ ಅನುಕೂಲವಿರುವಾಗ ಆಕ್ಷೇಪವೇನು ಎಂದು ಕೇಳಬಹುದು. ಆಕ್ಷೇಪವಿರುವುದು ದಲ್ಲಾಳಿಯ ಮೇಲಲ್ಲ, ಅವನು ವಾಸಿಸುವ ಮನೆಯ ಮೇಲೆ. ಪೇಟೆಯಲ್ಲಿ ಸಿಗುವ ಅನೇಕ ಪೆಟ್ಟಿಗೆಗಳು ತಮ್ಮ ಕಂಪೆನಿಯ ಗಣಕದೊಡನೆ ಮಾತ್ರ ಮಾತಾಡುತ್ತವೆ. ಬಾವಿಯಿಂದ ಪಂಪಿಗೆ ಹತ್ತು ಮಾರು ದೂರ. ಆದರೆ ಬಾವಿಯ ಸುದ್ದಿ ಯಾವುದೋ ನಗರಕ್ಕೆ ಹೋಗಿ ಅಲ್ಲಿಂದ ತಿರುಗಿ ಪಂಪಿಗೆ ಬರಬೇಕು. ಗುಡುಗಿಗೆ ರೇಂಜು ಹೋದರೆ ಅಂಗಳದಲ್ಲಿರುವ ಇಬ್ಬರು ಪರಸ್ಪರ ಮೂಕರು. ಮೇಲಾಗಿ ಆ ದೂರದ ಗಣಕವನ್ನು ಕಂಪೆನಿಯು ಒಂದು ದಿನ ಮುಚ್ಚಿದರೆ ನಮ್ಮ ಕೈಯಲ್ಲಿ ಉಳಿಯುವುದು ಬರೇ ಪ್ಲಾಸ್ಟಿಕ್ಕಿನ ಡಬ್ಬಿ.

ಇದು ಕಲ್ಪನೆಯ ಮಾತಲ್ಲ. ಅಮೆರಿಕದಲ್ಲಿ ರಿವಾಲ್ವ್ ಎಂಬ, ಮನೆಯ ದೀಪ-ಬೀಗಗಳನ್ನು ಜೋಡಿಸುವ ಒಂದು ನಡುವಣ ಪೆಟ್ಟಿಗೆಯನ್ನು 300 ಡಾಲರಿಗೆ ಮಾರುತ್ತಿದ್ದರು. 2014ರಲ್ಲಿ ನೆಸ್ಟ್ ಎಂಬ ದೊಡ್ಡ ಕಂಪೆನಿ ಅದನ್ನು ಕೊಂಡಿತು. 2016ರ ಮೇ ತಿಂಗಳಲ್ಲಿ ಅದರ ಸೇವೆಯನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡವರ ಪೆಟ್ಟಿಗೆಗಳು ಅಂದೇ ನಿರ್ಜೀವವಾದವು. ಗೂಗಲ್ಲಿನಂಥ ಬಲಾಢ್ಯ ಸಂಸ್ಥೆಯೂ ಯಂತ್ರಗಳನ್ನು ಜೋಡಿಸುವ ತನ್ನ ಐ.ಓ.ಟಿ. ಕೋರ್ ಎಂಬ ನಡುವಣ ಸೇವೆಯನ್ನು ನಿಲ್ಲಿಸುವುದಾಗಿ 2022ರಲ್ಲಿ ಸಾರಿ, 2023ರ ಆಗಸ್ಟಿನಲ್ಲಿ ಮುಚ್ಚಿತು. ಒಂದು ವರ್ಷದ ಅವಧಿ ಕೊಟ್ಟಿತು, ಅದು ಒಳ್ಳೆಯದೇ. ಆದರೆ ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ನಾಲ್ಕೈದು ವರ್ಷ ಬೇಕು. ಆ ಮೇಲೆ ಅದು ತಲೆಮಾರಿನುದ್ದಕ್ಕೂ ನಿಲ್ಲುತ್ತದೆ. ಅಷ್ಟು ದೀರ್ಘಾಯುಷ್ಯದ ಬೆಳೆಯನ್ನು ಇಷ್ಟು ಅಲ್ಪಾಯುಷ್ಯದ ಏರ್ಪಾಡಿಗೆ ಕಟ್ಟಿಹಾಕುವುದು ಜಾಣತನವೇ?

ನಾನು ಮಾಡಿದ ಪ್ರಯೋಗ

ಮೋಟಾರು ಸುಟ್ಟ ಮೇಲೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ನೆರವಿನಿಂದ ದಲ್ಲಾಳಿಯನ್ನು ಮನೆಗೇ ಕರೆತಂದೆ. ಅಂಗೈಯಗಲದ ಒಂದು ಸಣ್ಣ ಗಣಕ. ಅದರಲ್ಲಿ ಮೊಸ್ಕಿಟ್ಟೊ ಎಂಬ ಬ್ರೋಕರ್ ತಂತ್ರಾಂಶ. ಹೆಸರು ಸೊಳ್ಳೆಯಾದರೂ ಕಚ್ಚುವುದಿಲ್ಲ; ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ. ತೋಟದಿಂದ ಮನೆಗೆ ಸುದ್ದಿ ಬರಲು ಲೋರಾ ಎಂಬ ಸಣ್ಣ ರೇಡಿಯೋ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ವರೆಗಿನ ಅಲೆಗಳಲ್ಲಿ ಇಂಥ ಅಲ್ಪಶಕ್ತಿಯ ರೇಡಿಯೋಗಳನ್ನು ಲೈಸೆನ್ಸಿಲ್ಲದೆ ಬಳಸಬಹುದು. ಮಾಪಕಗಳು ಈ ಸಾರ್ವಜನಿಕ ಭಾಷೆಯನ್ನು ಬಲ್ಲವಾಗಿದ್ದುದರಿಂದ ಉಳಿದುಕೊಂಡವು. ಪಂಪಿನ ಪೆಟ್ಟಿಗೆ ತನ್ನ ಕಂಪೆನಿಯ ಭಾಷೆಯನ್ನಲ್ಲದೆ ಬೇರೇನನ್ನೂ ಆಡಲೊಲ್ಲದು. ಅದನ್ನು ಕಳಚಿ ಅಟ್ಟಕ್ಕೆ ಹಾಕಿ ಬೇರೊಂದನ್ನು ತಂದೆ. ಮೊದಲೇ ಕೇಳಿದ್ದರೆ ಆ ಹಣ ಉಳಿಯುತ್ತಿತ್ತು.

ಈಗ ಬಾವಿಯ ನೀರು ಒಂದು ಗೆರೆಗಿಂತ ಇಳಿದರೆ ಪಂಪು ನಿಲ್ಲುತ್ತದೆ. ಅಮ್ಮನ ಫೋನಿಗೆ "ಕೆಳಗಿನ ಬಾವಿಯಲ್ಲಿ ನೀರಿಲ್ಲ, ಪಂಪು ನಿಂತಿದೆ" ಎಂದು ಅಚ್ಚ ಕನ್ನಡದಲ್ಲಿ ಬರುತ್ತದೆ. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಸಾಕೆಂದು ನಮ್ಮ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯದ ಸಲಹೆ. ಅದಕ್ಕೆ ಅನುಸಾರವಾಗಿ ವೇಳೆಯನ್ನು ಗೊತ್ತುಪಡಿಸಿ, ತೇವ ಸಾಕಷ್ಟಿದ್ದರೆ ಆ ದಿನ ಬಿಡದಂತೆ ಮಾಡಿದ್ದೇನೆ.

ಇದರ ಮಿತಿಯನ್ನೂ ಹೇಳಬೇಕು. ಒಂದು ಮಾಪಕ ತನ್ನ ಸುತ್ತಲಿನ ತುಸು ಮಣ್ಣಿನ ಸಾಕ್ಷಿ ಮಾತ್ರ. ಇಡೀ ತೋಟದ ಸಾಕ್ಷಿಯಲ್ಲ. ನಮ್ಮ ಮುರಮಣ್ಣಿನಲ್ಲಿ ಕಲ್ಲಿನ ಸಂದಿಗೆ ಸಿಕ್ಕಿದರೆ ಸುಳ್ಳನ್ನೇ ಹೇಳುತ್ತದೆ. ನೆಟ್ಟ ಮೇಲೆ ಕೈಯಿಂದ ಮಣ್ಣು ಹಿಂಡಿ ನೋಡಿ ಅಂಕೆಯನ್ನು ತಾಳೆಹಾಕಬೇಕು. ನೀರು ಮುಗಿದರೆ ಪಂಪನ್ನು ನಿಲ್ಲಿಸುವ, ಬರೇ ತಂತಿಯಿಂದ ಜೋಡಿಸಿದ ಒಂದು ಹಳೆಯ ಕ್ರಮದ ಸ್ವಿಚ್ಚು ಇದ್ದೇ ಇರಬೇಕು. ದಲ್ಲಾಳಿ ಮಲಗಿದ ದಿನ ಅದೇ ಗತಿ. ಬ್ರೋಕರಿಗೆ ಗುಪ್ತಪದದ ಬೀಗ ಹಾಕದೆ ಇಂಟರ್ನೆಟ್ಟಿಗೆ ತೆರೆದಿಟ್ಟರೆ, ಎಲ್ಲೋ ಕುಳಿತ ಅಪರಿಚಿತನು ನಮ್ಮ ಪಂಪನ್ನು ತಿರುಗಿಸಿಯಾನು.

ಒಬ್ಬೊಬ್ಬರಿಂದ ಆಗದ ಕೆಲಸ

ಆದರೆ ಪ್ರತಿ ಮನೆಯಲ್ಲೂ ಇದನ್ನು ಮಾಡಿಕೊಳ್ಳಿ ಎಂದು ನಾನು ಹೇಳಿದರೆ ಅದು ಕಾರ್ಯಸಾಧ್ಯವಾದ ಮಾತಾಗದು. ಎಲ್ಲರಿಗೂ ಹಳೆಯ ವಿದ್ಯಾರ್ಥಿ ಸಿಗುವುದಿಲ್ಲ. ಇಲ್ಲಿ ನಮ್ಮದೇ ಚರಿತ್ರೆಯ ಪಾಠವೊಂದಿದೆ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ-ಕೇರಳಗಳೆರಡರ ಬೆಳೆಗಾರರೂ ಸೇರಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ನಮ್ಮವರು ಅಂದು ನಡುವಣದವನೇ ಬೇಡವೆನ್ನಲಿಲ್ಲ. ನಡುವಿನ ಸ್ಥಾನದಲ್ಲಿ ತಾವೇ ಕುಳಿತರು. ರಾಜ್ಯದ ಗಡಿ ಅದಕ್ಕೆ ಅಡ್ಡ ಬರಲಿಲ್ಲ.

ಯಂತ್ರಗಳ ನಡುವಣದವನ ವಿಷಯದಲ್ಲೂ ಅದೇ ದಾರಿ. ಊರಿನ ಸಹಕಾರಿ ಸಂಘವು ಒಂದು ಗಣಕವನ್ನೂ ಅದನ್ನು ನೋಡಿಕೊಳ್ಳಬಲ್ಲ ಒಬ್ಬ ಯುವಕನನ್ನೂ ಇಟ್ಟುಕೊಂಡರೆ ಹಲವು ತೋಟಗಳ ಕೆಲಸ ನಡೆಯುತ್ತದೆ. ಬಾವಿ-ಪಂಪುಗಳ ತುರ್ತಿನ ತೀರ್ಮಾನ ಆಯಾ ಮನೆಯಲ್ಲೇ ಆಗಲಿ. ಮಳೆ, ಉಷ್ಣತೆ, ಆರ್ದ್ರತೆಗಳ ಲೆಕ್ಕ ಸಂಘದಲ್ಲಿ ಒಟ್ಟಾಗಲಿ. ಕೊಳೆರೋಗವನ್ನೇ ನೋಡಿರಿ. ಬಿಡದೆ ಸುರಿಯುವ ಮಳೆ, ತಗ್ಗಿದ ಉಷ್ಣತೆ, ತೊಂಬತ್ತು ದಾಟಿದ ಆರ್ದ್ರತೆ ಸೇರಿದರೆ ಅದು ಹಬ್ಬುತ್ತದೆ. ಮಳೆಗಾಲಕ್ಕೆ ಮುನ್ನ ಒಮ್ಮೆ, ಅನಂತರ 40-45 ದಿನಕ್ಕೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂದು ನಮಗೆಲ್ಲ ಗೊತ್ತು. ಆದರೆ ಮದ್ದು ಬಿಡಲು ಬಿಸಿಲು ಹಣಿಕುವ ಆ ಎರಡು ದಿನ ಯಾವುದು, ಯಾವ ಕಣಿವೆಗೆ ಮೊದಲ ಸರದಿ ಎಂಬುದಕ್ಕೆ ಊರಿನದೇ ಅಂಕೆಗಳು ಬೇಕು. ಒಂದೊಂದು ಕಂಪೆನಿಯ ಡಬ್ಬಿಯಲ್ಲಿ ಚದರಿಹೋದ ಅಂಕೆಗಳು ಯಾರಿಗೂ ಉಪಯೋಗಕ್ಕೆ ಬಾರವು. ತೆಲಂಗಾಣ ಸರಕಾರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಭಾಗಿತ್ವದಲ್ಲಿ 2023ರಲ್ಲಿ ಕೃಷಿ ಮಾಹಿತಿಯ ವಿನಿಮಯ ಕೇಂದ್ರವೊಂದನ್ನು ತೆರೆದಿದೆ. ರೈತನ ಒಪ್ಪಿಗೆ ಪಡೆದು ಮಾಹಿತಿಯನ್ನು ಹಂಚಿಕೊಳ್ಳುವ ಏರ್ಪಾಡು ಅದು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತ ಬಂದ ನಮ್ಮ ಕಾಸರಗೋಡಿನಲ್ಲಿ ಅಂಥದೊಂದು ಬೇಡವೇ?

ಭಾಷೆಯ ಮಾತನ್ನು ಕೊನೆಗೆ ಹೇಳುತ್ತೇನೆ, ಅದು ಸಣ್ಣದೆಂದಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನು, ಸರಕಾರಕ್ಕೆ ಕನ್ನಡದಲ್ಲಿ ಬರೆಯುವ ಹಕ್ಕನ್ನೂ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನೂ ನಮಗೆ ಕೊಟ್ಟಿದೆ. ಕಾಗದಕ್ಕೆ ಆ ಹಕ್ಕಿದೆ. ಯಂತ್ರದ ಸಂದೇಶಕ್ಕೆ ಇಲ್ಲ. ಆದರೆ ಯಂತ್ರಕ್ಕೆ ಹಟವೂ ಇಲ್ಲ. ಅದು ಕಳುಹಿಸುವುದು ಬರೇ ಅಂಕೆ. ಆ ಅಂಕೆಗೆ ಮಾತಿನ ಅಂಗಿ ತೊಡಿಸುವವನು ನಡುವಣದವನು. ಅವನಿಗೆ ಹೇಳಿಕೊಟ್ಟರೆ ಕನ್ನಡ, ಮಲೆಯಾಳ, ತುಳು ಯಾವುದರಲ್ಲೂ ಹೇಳುತ್ತಾನೆ. ಸಹಾಯಧನ ಕೊಟ್ಟು ಇಂಥ ಸಲಕರಣೆಗಳನ್ನು ಹಂಚುವ ಇಲಾಖೆಗಳು, ಈ ಪ್ರದೇಶದಲ್ಲಿ ಸಂದೇಶ ಕನ್ನಡದಲ್ಲೂ ಬರಬೇಕೆಂದು ಒಂದು ಷರತ್ತು ಸೇರಿಸಿದರೆ ಸಾಕು.

ಆದುದರಿಂದ ಕೊಳ್ಳಲು ಹೋಗುವವರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ. ಒಂದು, ಇದು ಎಂ.ಕ್ಯೂ.ಟಿ.ಟಿ.ಯಂಥ ಸಾರ್ವಜನಿಕ ಭಾಷೆಯನ್ನು ಆಡುತ್ತದೆಯೇ, ಅಥವಾ ತನ್ನ ಕಂಪೆನಿಯ ಗುಟ್ಟಿನ ಭಾಷೆಯನ್ನೋ? ಎರಡು, ಇಂಟರ್ನೆಟ್ ಇಲ್ಲದ ದಿನವೂ ಕೆಲಸ ಮಾಡುತ್ತದೆಯೇ? ಮೂರು, ನನ್ನ ತೋಟದ ಲೆಕ್ಕ ಯಾರಲ್ಲಿ ಇರುತ್ತದೆ, ಕೇಳಿದರೆ ನನಗೆ ಸಿಗುತ್ತದೆಯೇ? ನಾಲ್ಕು, ಮನೆಯಲ್ಲಿರುವ ಹಿರಿಯರಿಗೆ ಓದಲು ಬರುವ ಭಾಷೆಯಲ್ಲಿ ಎಚ್ಚರಿಸುತ್ತದೆಯೇ? ನಾಲ್ಕಕ್ಕೂ ಉತ್ತರ ಸಿಗದಿದ್ದರೆ ಹಣವನ್ನು ಕಿಸೆಯಲ್ಲೇ ಇಟ್ಟುಕೊಂಡು ಮನೆಗೆ ಬನ್ನಿರಿ. ತೋಟಕ್ಕೆ ಅದರಿಂದ ನಷ್ಟವಾಗದು.

ಮುಂದಿನ ಬೇಸಗೆಗೆ ಮೊದಲು ನಮ್ಮ ನಮ್ಮ ಸಹಕಾರಿ ಸಂಘಗಳ ಮಹಾಸಭೆಗಳು ಬರಲಿವೆ. ಚಹಾ ಕುಡಿದು ಎದ್ದು ಬರುವ ಬದಲು, ಈ ವಿಷಯವನ್ನು ಅಲ್ಲಿ ಒಬ್ಬರಾದರೂ ಎತ್ತಬೇಕೆಂದು ನನ್ನ ವಿಜ್ಞಾಪನೆ. ನಮ್ಮ ಸಂಘದಲ್ಲಿ ನಾನು ಎತ್ತುತ್ತೇನೆ. ಸುಟ್ಟ ಮೋಟಾರಿನ ಸುರುಳಿಯನ್ನು ತೆಗೆದಿಟ್ಟಿದ್ದೇನೆ. ಅದನ್ನೂ ಜೊತೆಗೆ ಒಯ್ಯುವವನಿದ್ದೇನೆ.

— ಓರ್ವ ಅಧ್ಯಾಪಕ-ಕೃಷಿಕ, ವಿದ್ಯಾನಗರ